ಟಾಕೀಸಿನ ಪರದೆ ಮಂಕಾಗಿದ್ದು ಯಾಕೆ? ಹೊಸ ಪ್ರೊಜೆಕ್ಟರ್‌ಗಿಂತ ಮೊದಲು ಬೇಕಿರೋದು ಕತ್ತಲು

ಶುಕ್ರವಾರ ಹೊಸ ಸಿನಿಮಾ ಬಂದಿರುತ್ತೆ. ಸಂಜೆ ಆಟಕ್ಕೆ ಅಂಗಡಿ ಬಾಗಿಲು ಬೇಗ ಎಳೆದು ಮನೆಮಂದಿಯನ್ನೆಲ್ಲ ಕರ್ಕೊಂಡು ಹೋದವರು, ಇಂಟರ್ವಲ್‌ನಲ್ಲಿ ಹೊರಗೆ ಬಂದು ಹೇಳೋ ಮಾತು ಮಾತ್ರ ಹೆಚ್ಚುಕಮ್ಮಿ ಎಲ್ಲ ತಾಲ್ಲೂಕಿನಲ್ಲೂ ಒಂದೇ: 'ಕಥೆ ಪರವಾಗಿಲ್ಲ, ಆದ್ರೆ ಪಿಚ್ಚರ್ ಯಾಕೋ ಮಂಕು. ರಾತ್ರಿ ಫೈಟ್ ಬಂದಾಗ ಯಾರು ಯಾರಿಗೆ ಹೊಡೀತಿದಾರೆ ಅಂತಾನೇ ಗೊತ್ತಾಗಲ್ಲ.' ಅದೇ ಸಿನಿಮಾ ಕೆಲವು ವಾರ ಕಳೆದು ಮೊಬೈಲ್‌ಗೆ ಬಂದಾಗ ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ. ಮುಂದಿನ ಸಲ ಆ ಮನೆಯವರು ಟಾಕೀಸಿಗೆ ಬರಲ್ಲ, ಮೊಬೈಲ್‌ಗೇ ಕಾಯ್ತಾರೆ.

ಇದು ಬರೀ ಸಿನಿಮಾ ಹುಚ್ಚಿರೋರ ದೂರು ಅಲ್ಲ. ಸಂಜೆ ಆಟ ಬಿಟ್ಟ ಮೇಲೆ ನಡೆಯೋ ಹೋಟೆಲ್, ಬಜ್ಜಿ ಗಾಡಿ, ಆಟೊ, ಪಾನ್ ಬೀಡಾ ಅಂಗಡಿ, ಎಲ್ಲದರ ವ್ಯಾಪಾರವೂ ಆ ಪರದೆಗೆ ಅಂಟಿಕೊಂಡಿದೆ. ಟಾಕೀಸು ಕಲ್ಯಾಣ ಮಂಟಪವೋ ಗೋಡೌನೋ ಆದ ಊರುಗಳಲ್ಲಿ ಆ ಬೀದಿಯ ಸಂಜೆ ವ್ಯಾಪಾರ ಏನಾಯ್ತು ಅಂತ ಅಲ್ಲಿನ ಅಂಗಡಿಯವರನ್ನೇ ಕೇಳಬೇಕು.

2025ರಲ್ಲಿ ಚಿತ್ರಮಂದಿರಗಳ ಬಗ್ಗೆ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆದರೆ ಅದೆಲ್ಲ ಟಿಕೆಟ್ ದರದ ಸುತ್ತ. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು, ಅದೇ ತಿಂಗಳ 23ರಂದು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ತಾಲ್ಲೂಕಿನ ಟಾಕೀಸಿಗೆ ಈ ಜಗಳವೇ ದೂರದ್ದು. ಇಲ್ಲಿ ಬಾಲ್ಕನಿ ಟಿಕೆಟ್ಟೂ 200 ಮುಟ್ಟೋದು ಅಪರೂಪ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕೊಟ್ಟ ದುಡ್ಡಿಗೆ ಪರದೆ ಮೇಲೆ ಏನು ಕಾಣಿಸ್ತಿದೆ?

ಪ್ರೊಜೆಕ್ಟರ್‌ಗೆ ಕಪ್ಪು ಬಿಡೋಕೆ ಬರಲ್ಲ

ಮೊದಲು ತಿಳ್ಕೋಬೇಕಾದ್ದು ಒಂದೇ ವಿಷಯ. ಪ್ರೊಜೆಕ್ಟರ್ ಬೆಳಕನ್ನು ಎಸೆಯಬಲ್ಲದು, ಕತ್ತಲನ್ನು ಎಸೆಯಲಾರದು. ಪರದೆ ಮೇಲೆ ಕಾಣೋ ಕಪ್ಪು ಅಂದ್ರೆ ಬೆಳಕು ಬೀಳದೆ ಉಳಿದ ಜಾಗ, ಅಷ್ಟೇ. ಪರದೆಯೇ ಬಿಳಿ ಬಟ್ಟೆ. ಅದರ ಮೇಲೆ ಹಾಲ್‌ನ ಯಾವುದೋ ಮೂಲೆಯಿಂದ ಸ್ವಲ್ಪ ಬೆಳಕು ಬಿದ್ದರೂ ಆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ.

ಅತಿ ಬೆಳಕಿನ ಬಿಳಿಗೂ ಅತಿ ಗಾಢ ಕಪ್ಪಿಗೂ ಎಷ್ಟು ಪಟ್ಟು ಅಂತರ ಇದೆ ಅನ್ನೋದನ್ನೇ ಕಾಂಟ್ರಾಸ್ಟ್ ಅನ್ನೋದು. ಚಿತ್ರದ ಆಳ, ಮುಖದ ಮೇಲಿನ ನೆರಳು, ಕಪ್ಪು ಕೂದಲು ಕಪ್ಪು ಗೋಡೆಯಿಂದ ಬೇರೆಯಾಗಿ ಕಾಣೋದು, ಎಲ್ಲ ಈ ಅಂತರದ ಮೇಲೆ ನಿಂತಿದೆ. 2ಕೆ ಇದ್ದದ್ದು 4ಕೆ ಆದ್ರೆ ಚುಕ್ಕಿಗಳು ಜಾಸ್ತಿಯಾಗ್ತವೆ ನಿಜ. ಆದ್ರೆ ಕಪ್ಪು ಕಪ್ಪಾಗಿಲ್ಲದಿದ್ದರೆ ಎಷ್ಟೇ ಚುಕ್ಕಿ ಇದ್ದರೂ ಚಿತ್ರ ತೊಳೆದು ಬಣ್ಣ ಹೋದ ಬಟ್ಟೆ ಥರ ಕಾಣುತ್ತೆ.

ಇವತ್ತಿನ ಬಹುಪಾಲು ಟಾಕೀಸುಗಳಲ್ಲಿ ಇರೋದು ಡಿಎಲ್‌ಪಿ ಪ್ರೊಜೆಕ್ಟರ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ ಚಿಪ್ಪು ಇದರ ಜೀವಾಳ. ಬೆರಳಗಲದ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕನ್ನಡಿಗಳು. 2ಕೆ ಚಿಪ್ಪಿನಲ್ಲಿ 2048 ಸಾಲು 1080 ಸಾಲು ಸೇರಿ 22 ಲಕ್ಷ ಕನ್ನಡಿ. ಒಂದೊಂದು ಕನ್ನಡಿಯೂ ಸೆಕೆಂಡಿಗೆ ಸಾವಿರಾರು ಸಲ ಓಲಾಡುತ್ತೆ: ಒಂದು ಕಡೆ ವಾಲಿದರೆ ಬೆಳಕು ಲೆನ್ಸಿನ ಮೂಲಕ ಪರದೆಗೆ, ಇನ್ನೊಂದು ಕಡೆ ವಾಲಿದರೆ ಒಳಗೇ ಇರೋ ಕಪ್ಪು ತಟ್ಟೆಗೆ. ಹಾಗೆ ಪಕ್ಕಕ್ಕೆ ಕಳಿಸಿದ ಬೆಳಕಿನಲ್ಲಿ ಚೂರುಪಾರು ಲೆನ್ಸಿಗೆ ಸೋರಿಯೇ ಸೋರುತ್ತೆ. ಹಾಗಾಗಿ ಪೂರ್ತಿ ಕಪ್ಪು ಅನ್ನೋದು ಈ ಯಂತ್ರದಿಂದ ಬರೋಲ್ಲ.

ಅಳತೆ ಇದೆ, ಅಳೆಯೋರು ಕಡಿಮೆ

ಪರದೆ ಎಷ್ಟು ಬೆಳಗಬೇಕು ಅನ್ನೋದಕ್ಕೆ ಅಂತರರಾಷ್ಟ್ರೀಯ ಅಳತೆ ಇದೆ. ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು 2002ರಲ್ಲಿ ಸೇರಿ ಕಟ್ಟಿದ ಡಿಸಿಐ ಎಂಬ ಒಕ್ಕೂಟ 2005ರಲ್ಲಿ ಡಿಜಿಟಲ್ ಸಿನಿಮಾಗೆ ಮಾನದಂಡ ಹೊರಡಿಸಿತು. ಅದರ ಪ್ರಕಾರ ಪರದೆಯ ಮಧ್ಯದಲ್ಲಿ ಬಿಳಿ ಬೆಳಕು 14 ಫುಟ್-ಲ್ಯಾಂಬರ್ಟ್, ಅಂದರೆ 48 ನಿಟ್ ಇರಬೇಕು. ಕಾಂಟ್ರಾಸ್ಟ್ 2000ಕ್ಕೆ 1 ಇದ್ದರೆ ಸರಿ, ಚಿತ್ರಮಂದಿರದಲ್ಲಿ 1200ಕ್ಕೆ 1ಕ್ಕಿಂತ ಕೆಳಗೆ ಇಳಿಯಬಾರದು. ಚದುರಂಗದ ಮಣೆ ಥರ ಬಿಳಿ ಕಪ್ಪು ಚೌಕಗಳನ್ನು ಒಟ್ಟಿಗೇ ಹಾಕಿ ಅಳೆದಾಗ 100ಕ್ಕೆ 1 ಆದರೂ ಸಿಗಬೇಕು.

ಎರಡನೇ ಅಳತೆ ಇಷ್ಟು ಕಡಿಮೆ ಯಾಕೆ? ಬಿಳಿ ಚೌಕದ ಬೆಳಕು ಗೋಡೆ, ಸೀಲಿಂಗ್, ಕುರ್ಚಿ, ಪ್ರೇಕ್ಷಕರ ಬಿಳಿ ಅಂಗಿಗೆ ಬಡಿದು ಮತ್ತೆ ಪರದೆಗೇ ವಾಪಸ್ ಬರುತ್ತೆ. ಸಿನಿಮಾ ನೋಡೋವಾಗ ನಿಜಕ್ಕೂ ಕಣ್ಣಿಗೆ ಸಿಗೋದು ಈ ಎರಡನೇ ಕಾಂಟ್ರಾಸ್ಟೇ. ಅಂದ್ರೆ ಚಿತ್ರದ ಗುಣಮಟ್ಟದ ಅರ್ಧ ಪ್ರೊಜೆಕ್ಟರ್‌ನಲ್ಲಿದೆ, ಇನ್ನರ್ಧ ಹಾಲ್‌ನಲ್ಲಿದೆ.

48 ನಿಟ್ ಏನು ದೊಡ್ಡ ಬೆಳಕಲ್ಲ. ಸಾಧಾರಣ ಮೊಬೈಲಿನ ಪರದೆಯೇ ಅದರ 8-10 ಪಟ್ಟು ಬೆಳಗುತ್ತೆ. ಮೊಬೈಲ್ ಜೊತೆ ಬೆಳಕಲ್ಲಿ ಗೆಲ್ಲೋಕೆ ಟಾಕೀಸಿನಿಂದ ಆಗಲ್ಲ. ಟಾಕೀಸಿನ ಕೈಲಿರೋ ಅಸ್ತ್ರ ಕತ್ತಲು. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತೆ, 48 ನಿಟ್ ಕೂಡ ಝಗಮಗಿಸುತ್ತೆ. ಆ ಕತ್ತಲನ್ನೇ ಕಾಪಾಡದಿದ್ದರೆ ಟಾಕೀಸಿಗೆ ಇರೋ ಒಂದೇ ಅನುಕೂಲವೂ ಹೋಯ್ತು.

ಒಂದು ಲೆಕ್ಕ ಹಾಕಿ ನೋಡೋಣ

ಪ್ರೊಜೆಕ್ಟರ್ ಹೊಸದು, ಲ್ಯಾಂಪ್ ಹೊಸದು ಅಂದುಕೊಳ್ಳಿ. ಬಿಳಿ 48 ನಿಟ್, ಕಪ್ಪು ಅದರ 2000ದ ಒಂದು ಭಾಗ, ಅಂದ್ರೆ 0.024 ನಿಟ್. ಈಗ ಪರದೆ ಪಕ್ಕದ ಬಾಗಿಲಿನ ಸಂದಿ, ಮರೆ ಇಲ್ಲದ ಎಕ್ಸಿಟ್ ದೀಪ, ಇವುಗಳಿಂದ ಪರದೆ ಮೇಲೆ ಬರೀ 0.2 ನಿಟ್ ಬೆಳಕು ಬೀಳುತ್ತೆ ಅಂತ ಇಟ್ಟುಕೊಳ್ಳಿ. ಕಣ್ಣಿಗೆ ಅದು ಬೆಳಕು ಅಂತಾನೇ ಅನ್ನಿಸಲ್ಲ. ಆದರೆ ಲೆಕ್ಕ 48.2ನ್ನು 0.224ರಿಂದ ಭಾಗಿಸಿದ ಹಾಗೆ ಆಯ್ತು. 2000ಕ್ಕೆ 1 ಇದ್ದ ಕಾಂಟ್ರಾಸ್ಟ್ 215ಕ್ಕೆ 1ಕ್ಕೆ ಕುಸೀತು. ಲಕ್ಷಗಟ್ಟಲೆ ಕೊಟ್ಟು ತಂದ ಯಂತ್ರದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಾಗಿಲ ಸಂದಿಯಲ್ಲಿ ಹೋಯ್ತು.

ಈಗ ಅದೇ ಹಾಲ್‌ನಲ್ಲಿ ಲ್ಯಾಂಪ್ ಹಳೇದಾಗಿ ಬೆಳಕು ಅರ್ಧಕ್ಕೆ ಇಳಿದಿದೆ, 24 ನಿಟ್ ಮಾತ್ರ. ಕಾಂಟ್ರಾಸ್ಟ್ ಸುಮಾರು 114ಕ್ಕೆ 1. ಹೆಚ್ಚಿನವರು ಇಲ್ಲಿ 'ಲ್ಯಾಂಪ್ ಬದಲಿಸಿ' ಅಂತಾರೆ. ಬದಲಿಸಿದರೆ ಮತ್ತೆ 215 ಸಿಗುತ್ತೆ. ಆದರೆ ಲ್ಯಾಂಪ್ ಹಾಗೇ ಬಿಟ್ಟು, ಬಾಗಿಲಿಗೆ ದಪ್ಪ ಕಪ್ಪು ಪರದೆ ಕಟ್ಟಿ, ದೀಪಕ್ಕೆ ಮರೆ ಮಾಡಿ ಹೊರ ಬೆಳಕನ್ನು 0.05 ನಿಟ್‌ಗೆ ಇಳಿಸಿದರೆ? ಕಾಂಟ್ರಾಸ್ಟ್ ಸುಮಾರು 390ಕ್ಕೆ 1. ಹಳೇ ಲ್ಯಾಂಪಿನಲ್ಲೇ, ಹೊಸ ಲ್ಯಾಂಪಿಗಿಂತ ಹೆಚ್ಚು.

ಹಾಗಂತ ಹಳೇ ಲ್ಯಾಂಪಲ್ಲೇ ಕಾಲ ತಳ್ಳಿ ಅಂತ ಅರ್ಥ ಅಲ್ಲ. ಬೆಳಕು ಅರ್ಧಕ್ಕಿಳಿದರೆ ಬಣ್ಣ ಸಪ್ಪೆಯಾಗುತ್ತೆ, ಕಣ್ಣಿಗೆ ಆಯಾಸ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನ ಈ ಲೆಕ್ಕ ಹೇಳುತ್ತೆ.

ಮಂಕಿಗೆ ಕಾರಣ ಒಂದಲ್ಲ

ಹಾಲ್‌ನ ಬೆಳಕು ಬಿಟ್ಟರೆ ಮೊದಲ ಕಾರಣ ಲ್ಯಾಂಪ್. ಟಾಕೀಸುಗಳಲ್ಲಿ ಇರೋದು ಬಹುಮಟ್ಟಿಗೆ ಝೆನಾನ್ ಲ್ಯಾಂಪ್. ಉರಿದಷ್ಟೂ ಅದರ ಗಾಜು ಒಳಗಿಂದ ಕಪ್ಪಾಗುತ್ತಾ ಬೆಳಕು ಕಮ್ಮಿಯಾಗುತ್ತೆ. ಇಂತಿಷ್ಟು ಗಂಟೆ ಅಂತ ಕಂಪನಿ ಬರೆದಿರುತ್ತೆ. ಅದನ್ನು ಮೀರಿ ಓಡಿಸಿದರೆ ಉಳಿತಾಯ ಅನ್ನಿಸಬಹುದು. ಆದರೆ ಒಳಗೆ ಅನಿಲದ ಒತ್ತಡ ಇರೋದರಿಂದ ಹಳೇ ಲ್ಯಾಂಪ್ ಸಿಡಿದರೆ ರಿಫ್ಲೆಕ್ಟರ್‌ಗೂ ಪೆಟ್ಟು, ಆಪರೇಟರ್‌ಗೂ ಅಪಾಯ.

ಎರಡನೇದು ಧೂಳು. ಪ್ರೊಜೆಕ್ಟರ್ ಕೋಣೆಗೂ ಹಾಲ್‌ಗೂ ನಡುವೆ ಇರೋ ಗಾಜಿನ ಕಿಂಡಿಯನ್ನು ಒರೆಸದೆ ಬಿಟ್ಟರೆ ಬೆಳಕು ಅದರ ಮೇಲೆ ಚದುರಿ, ಕಪ್ಪು ಇರಬೇಕಾದ ಕಡೆಯೂ ಹೋಗಿ ಬೀಳುತ್ತೆ. ಚಿತ್ರದ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ. ಲೆನ್ಸಿಗೂ ಇದೇ ಮಾತು. ರಸ್ತೆ ಬದಿಯ ಟಾಕೀಸುಗಳಲ್ಲಿ, ಬೇಸಿಗೆಯ ಧೂಳಿನ ಕಾಲದಲ್ಲಿ ಇದು ದಿನದ ಕೆಲಸ ಆಗಬೇಕು. ಅದಕ್ಕೆ ಬೇಕಾದ್ದು ಸರಿಯಾದ ಬಟ್ಟೆ, ದ್ರಾವಣ ಮತ್ತು ಹತ್ತು ನಿಮಿಷ.

ಮೂರನೇದು ಪರದೆ. 3ಡಿ ಸಿನಿಮಾ ಜೋರಿದ್ದಾಗ ಅನೇಕ ಕಡೆ ಬೆಳ್ಳಿ ಬಣ್ಣದ ಪರದೆ ಹಾಕಿಸಿದರು. ಅದು ಮಧ್ಯದಲ್ಲಿ ಕೂತವರಿಗೆ ಫಳಫಳ, ಪಕ್ಕದಲ್ಲಿ ಕೂತವರಿಗೆ ಕತ್ತಲು. ಬಿಳಿ ಪರದೆಯಾದರೆ ವರ್ಷಗಳು ಕಳೆದಂತೆ ಹಳದಿ ತಿರುಗುತ್ತೆ. ಇನ್ನು 3ಡಿ ಫಿಲ್ಟರನ್ನು ಲೆನ್ಸ್ ಮುಂದೆ ಹಾಗೇ ಬಿಟ್ಟು ಮಾಮೂಲಿ ಸಿನಿಮಾ ಓಡಿಸಿದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ಖೋತಾ. ಅಮೆರಿಕದ ಬೋಸ್ಟನ್‌ನ ಮಲ್ಟಿಪ್ಲೆಕ್ಸ್‌ಗಳಲ್ಲೂ ಹೀಗೇ ಆಗ್ತಿತ್ತು ಅಂತ 2011ರಲ್ಲಿ ಅಲ್ಲಿನ ಪತ್ರಿಕೆಯೇ ಬರೆದಿತ್ತು. ಅಂದರೆ ಇದು ಸಣ್ಣ ಊರಿನ ಹಣೆಬರಹ ಅಲ್ಲ, ನಿಗಾ ತಪ್ಪಿದ ಕಡೆಯೆಲ್ಲ ಆಗೋ ಕಥೆ.

ನಾಲ್ಕನೇದು ಪರದೆಯ ಅಳತೆ. 40 ಅಡಿ ಅಗಲ, 17 ಅಡಿ ಎತ್ತರದ ಪರದೆ ಅಂದ್ರೆ 680 ಚದರ ಅಡಿ. ಮಾಮೂಲಿ ಬಿಳಿ ಪರದೆ ಆದರೆ 14 ಫುಟ್-ಲ್ಯಾಂಬರ್ಟ್ ಬರೋಕೆ ಸುಮಾರು 9,500 ಲ್ಯೂಮೆನ್ ಬೆಳಕು ಪರದೆ ಮುಟ್ಟಬೇಕು. ಸಣ್ಣ ಪರದೆಗೆ ಆಗುವ ಪ್ರೊಜೆಕ್ಟರ್ ಅನ್ನು ದೊಡ್ಡ ಪರದೆಗೆ ಎಳೆದರೆ ಮುದ್ದೆಗೆ ನೀರು ಜಾಸ್ತಿ ಹಾಕಿದ ಹಾಗೆ.

ಜವಾಬ್ದಾರಿ ಯಾರದ್ದು?

ರೀಲು ಹೋಗಿ ಡಿಜಿಟಲ್ ಬಂದದ್ದು ತಾಲ್ಲೂಕುಗಳಿಗೆ ದೊಡ್ಡ ಲಾಭವೇ. ಹಿಂದೆ ಬೆಂಗಳೂರಲ್ಲಿ ಓಡಿ ಸವೆದ, ಗೀರು ಬಿದ್ದ ಪ್ರಿಂಟು ವಾರಗಟ್ಟಲೆ ತಡವಾಗಿ ಇಲ್ಲಿಗೆ ಬರ್ತಿತ್ತು. ಯುಎಫ್‌ಒ, ಕ್ಯೂಬ್‌ನಂಥ ಕಂಪನಿಗಳು ಬಂದ ಮೇಲೆ ಬಿಡುಗಡೆ ದಿನವೇ ಇಲ್ಲೂ ಆಟ. ಆದರೆ ಯಂತ್ರದ ಖರ್ಚನ್ನು ಯಾರು ಹೊರಬೇಕು ಅನ್ನೋ ಜಗಳ ಅಲ್ಲಿಂದಲೇ ಶುರುವಾಯ್ತು. ನಿರ್ಮಾಪಕರು ಕಟ್ಟಬೇಕಾದ ವಿಪಿಎಫ್ ಎಂಬ ಶುಲ್ಕದ ವಿರುದ್ಧ 2018ರ ಮಾರ್ಚ್‌ನಲ್ಲಿ ದಕ್ಷಿಣದ ಚಿತ್ರೋದ್ಯಮ ಹೊಸ ಸಿನಿಮಾ ಬಿಡುಗಡೆಯನ್ನೇ ನಿಲ್ಲಿಸಿತ್ತು.

ಒಪ್ಪಂದ ಒಂದೊಂದು ಕಡೆ ಒಂದೊಂದು ಥರ. ಒಂದು ಕಡೆ ಯಂತ್ರ ಕಂಪನಿಯದ್ದು, ಲ್ಯಾಂಪ್ ಮಾಲೀಕರದ್ದು. ಇನ್ನೊಂದು ಕಡೆ ಎಲ್ಲವೂ ಮಾಲೀಕರದ್ದೇ. ಚಿತ್ರ ಮಂಕಾದಾಗ ಮಾಲೀಕರು ಕಂಪನಿ ಕಡೆ, ಕಂಪನಿ ಮಾಲೀಕರ ಕಡೆ ಕೈ ತೋರಿಸೋಕೆ ಇದರಲ್ಲಿ ದಾರಿ ಇದೆ. ಜೊತೆಗೆ ಡಿಸಿಐ ಮಾನದಂಡಕ್ಕೆ ಒಳಪಡದ, ಅಗ್ಗದ ಡಿಜಿಟಲ್ ವ್ಯವಸ್ಥೆಯಲ್ಲೇ ಓಡಿದ ಪರದೆಗಳೂ ನಮ್ಮ ದೇಶದಲ್ಲಿ ಸಾಕಷ್ಟಿವೆ. ಅಲ್ಲಿ 48 ನಿಟ್ ಅನ್ನೋದು ಕಡ್ಡಾಯವೇ ಅಲ್ಲ.

ಮಾಲೀಕರ ಕಷ್ಟವೂ ಸುಳ್ಳಲ್ಲ. ದೊಡ್ಡ ಸಿನಿಮಾ ಬಂದ ವಾರ ಬಿಟ್ಟರೆ ಗಾಂಧಿ ಕ್ಲಾಸಿಂದ ಬಾಲ್ಕನಿವರೆಗೂ ಕುರ್ಚಿ ಖಾಲಿ. ಕರೆಂಟ್ ಬಿಲ್, ಸಂಬಳ, ಲೈಸೆನ್ಸ್ ಯಾವುದೂ ನಿಲ್ಲಲ್ಲ. ಆದರೆ ಈ ನಡುವೆ ಒಂದು ಸಣ್ಣ ಉಸಿರು ಸಿಕ್ಕಿದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳೀತು. ಅದಕ್ಕಿಂತ ಹೆಚ್ಚಿನ ಟಿಕೆಟ್‌ಗೆ ಶೇ 18 ಹಾಗೇ ಉಳೀತು. ಅಂದರೆ ಈ ಇಳಿಕೆಯ ಲಾಭ ಮಲ್ಟಿಪ್ಲೆಕ್ಸ್‌ಗಿಂತ ತಾಲ್ಲೂಕಿನ ಟಾಕೀಸಿಗೇ ಹೆಚ್ಚು.

ಉದಾಹರಣೆಗೆ ತೆರಿಗೆ ಸೇರಿ 80 ರೂಪಾಯಿ ಟಿಕೆಟ್. ಮೊದಲು ತೆರಿಗೆ ಕಳೆದು ಉಳೀತಿದ್ದದ್ದು 71 ರೂಪಾಯಿ 43 ಪೈಸೆ. ಈಗ 76 ರೂಪಾಯಿ 19 ಪೈಸೆ. ಟಿಕೆಟ್‌ಗೆ 4 ರೂಪಾಯಿ 76 ಪೈಸೆ ವ್ಯತ್ಯಾಸ. ದಿನಕ್ಕೆ 200 ಟಿಕೆಟ್ ಹೋದರೂ ಸುಮಾರು 950 ರೂಪಾಯಿ, ತಿಂಗಳಿಗೆ 28 ಸಾವಿರದ ಮೇಲೆ. ಆ ದುಡ್ಡು ಪ್ರೇಕ್ಷಕರಿಗೆ ಸೇರಬೇಕಾದ್ದು. ದರ ಇಳಿಸಿದ್ದರೆ ಸರಿ. ಇಳಿಸಿಲ್ಲ ಅಂದ್ರೆ ಅದು ಪರದೆ ಮೇಲಾದರೂ ಕಾಣಬೇಕಲ್ವಾ?

ಮುಂದಿನ ದಾರಿ: ಲೇಸರ್, ಎಲ್‌ಇಡಿ

ದೊಡ್ಡ ಊರುಗಳಲ್ಲಿ ಈಗ ಲೇಸರ್ ಪ್ರೊಜೆಕ್ಟರ್ ಮಾತು. ಲ್ಯಾಂಪ್ ಬದಲಿಸೋ ತಾಪತ್ರಯ ಇಲ್ಲ, ಬೆಳಕು ಅರ್ಧಕ್ಕಿಳಿಯೋಕೆ ಸಾಮಾನ್ಯವಾಗಿ 20 ಸಾವಿರ ಗಂಟೆ ಅಂತ ಕಂಪನಿಗಳು ಹೇಳ್ತವೆ. ದಿನಕ್ಕೆ ನಾಲ್ಕು ಆಟ ಅಂದ್ರೆ ಸುಮಾರು 11 ಗಂಟೆ. ಐದು ವರ್ಷದ ಲೆಕ್ಕ ಆಯ್ತು. ವಿದ್ಯುತ್ ಕೂಡ ಕಮ್ಮಿ. ಆದರೆ ಮೊದಲೇ ಹಾಕಬೇಕಾದ ಬಂಡವಾಳ ದೊಡ್ಡದು.

ಇನ್ನೂ ಮೇಲಿನ ಹಂತದಲ್ಲಿ ಡಾಲ್ಬಿ ಸಿನಿಮಾ ಇದೆ. ಅದರಲ್ಲಿ ಬೆಳಕನ್ನು ಎರಡು ಸಲ ಸೋಸಿ ಕಪ್ಪನ್ನು ಗಾಢ ಮಾಡ್ತಾರೆ, ಕಾಂಟ್ರಾಸ್ಟ್ 10 ಲಕ್ಷಕ್ಕೆ 1 ಅಂತ ಕಂಪನಿ ಹೇಳುತ್ತೆ. ಭಾರತದ ಮೊದಲ ಡಾಲ್ಬಿ ಸಿನಿಮಾ 2025ರಲ್ಲಿ ಪುಣೆಯಲ್ಲಿ ಶುರುವಾಯ್ತು. ಪ್ರೊಜೆಕ್ಟರೇ ಬೇಡ ಅನ್ನೋ ದಾರಿಯೂ ಇದೆ. ಬೆಂಗಳೂರಿನ ಎಂ.ಜಿ. ರಸ್ತೆಯ ಶಂಕರ್‌ನಾಗ್ ಚಿತ್ರಮಂದಿರಕ್ಕೆ 2019ರಲ್ಲಿ ಸ್ಯಾಮ್‌ಸಂಗ್‌ನ ಎಲ್‌ಇಡಿ ಪರದೆ ಬಂತು. ಅಲ್ಲಿ ಪರದೆಯೇ ಬೆಳಗುತ್ತೆ, ಕಪ್ಪು ಬೇಕಾದ ಕಡೆ ದೀಪ ಆರುತ್ತೆ.

ಇವು ಸದ್ಯಕ್ಕೆ ತಾಲ್ಲೂಕಿನ ಜೇಬಿಗೆ ನಿಲುಕೋ ಮಾತಲ್ಲ. ಲೇಸರ್ ನಿಲುಕಿದರೂ, ಬಾಗಿಲ ಸಂದಿಯ 0.2 ನಿಟ್ ಬೆಳಕು ಯಾವ ಯಂತ್ರವನ್ನೂ ಬಿಡಲ್ಲ. ಹಾಲ್ ಸರಿ ಮಾಡದೆ ಯಂತ್ರ ತಂದರೆ ತೂತು ಬಿದ್ದ ಬಿಂದಿಗೆಗೆ ಬೆಳ್ಳಿ ಮುಚ್ಚಳ ಹಾಕಿಸಿದ ಹಾಗೆ.

ಶಾಲೆ, ಮಂಟಪ, ಅಂಗಡಿಗೂ ಇದೇ ಪಾಠ

ಪ್ರೊಜೆಕ್ಟರ್ ಈಗ ಟಾಕೀಸಿಗೆ ಮಾತ್ರ ಸೀಮಿತವಲ್ಲ. ಶಾಲೆಯ ಸ್ಮಾರ್ಟ್ ಕ್ಲಾಸ್, ಟ್ಯೂಷನ್ ಸೆಂಟರ್, ಕಲ್ಯಾಣ ಮಂಟಪ, ಕ್ರಿಕೆಟ್ ಮ್ಯಾಚ್ ಹಾಕೋ ಹೋಟೆಲ್, ಎಲ್ಲ ಕಡೆ ಖರೀದಿ ನಡೀತಿದೆ. ಡಬ್ಬಿ ಮೇಲೆ '20,000ಕ್ಕೆ 1' ಅಂತ ಬರೆದಿರೋದನ್ನ ನೋಡಿ ಮರುಳಾಗಬಾರದು. ಕಗ್ಗತ್ತಲ ಕೋಣೆಯಲ್ಲಿ ಒಮ್ಮೆ ಪೂರ್ತಿ ಬಿಳಿ ಹಾಕಿ, ಇನ್ನೊಮ್ಮೆ ಲ್ಯಾಂಪನ್ನೇ ತಗ್ಗಿಸಿ ಪೂರ್ತಿ ಕಪ್ಪು ಹಾಕಿ ಅಳೆದ ಅಂಕಿ ಅದು. ತರಗತಿಯಲ್ಲಿ ಅದಕ್ಕೆ ಬೆಲೆ ಇಲ್ಲ.

8 ಅಡಿ ಅಗಲ, 4.5 ಅಡಿ ಎತ್ತರದ ಪರದೆಗೆ 3,000 ಲ್ಯೂಮೆನ್ ಪ್ರೊಜೆಕ್ಟರ್ ಇಟ್ಟರೆ ಪರದೆ ಮೇಲೆ ಸುಮಾರು 900 ಲಕ್ಸ್ ಬೆಳಕು. ಟ್ಯೂಬ್‌ಲೈಟ್, ಕಿಟಕಿಯಿಂದ 100 ಲಕ್ಸ್ ಬಿದ್ದರೆ ಸಿಗೋ ಕಾಂಟ್ರಾಸ್ಟ್ ಬರೀ 10ಕ್ಕೆ 1. ದುಪ್ಪಟ್ಟು ಶಕ್ತಿಯ 6,000 ಲ್ಯೂಮೆನ್ ಯಂತ್ರ ತಂದರೂ 19ಕ್ಕೆ 1. ಅದರ ಬದಲು ಪರದೆ ಹತ್ತಿರದ ಟ್ಯೂಬ್‌ಲೈಟ್‌ಗೆ ಬೇರೆ ಸ್ವಿಚ್ ಕೊಟ್ಟು ಆರಿಸಿ, ಕಿಟಕಿಗೆ ಪರದೆ ಹಾಕಿ 10 ಲಕ್ಸ್‌ಗೆ ಇಳಿಸಿದರೆ ಹಳೇ ಯಂತ್ರದಲ್ಲೇ 90ಕ್ಕೆ 1. ಮಕ್ಕಳು ಓದೋ ಅಕ್ಷರಕ್ಕೆ 15ಕ್ಕೆ 1 ಸಾಕು, ಸಿನಿಮಾ ಥರದ ವಿಡಿಯೊಗೆ 80ಕ್ಕೆ 1 ಬೇಕು ಅನ್ನುತ್ತೆ ಆಡಿಯೊ-ವಿಡಿಯೊ ಉದ್ಯಮದ ಮಾನದಂಡ. ಎಲೆಕ್ಟ್ರಿಷಿಯನ್‌ಗೆ ಕೊಡೋ ಒಂದು ದಿನದ ಕೂಲಿಯಲ್ಲಿ ಆಗೋ ಕೆಲಸಕ್ಕೆ ಇನ್ನೊಂದು ಪ್ರೊಜೆಕ್ಟರ್ ದುಡ್ಡು ಸುರಿಯೋದು ಬೇಕಿಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಯಂತ್ರ ಕೊಳ್ಳೋರು ಬರೀ 'ಲ್ಯೂಮೆನ್' ನೋಡದೆ, 'ಆನ್ಸಿ' ಅಥವಾ 'ಐಎಸ್‌ಒ' ಲ್ಯೂಮೆನ್ ಎಷ್ಟು ಅಂತ ಕೇಳಬೇಕು.

ಈಗ ಆಗಬೇಕಾದ್ದು

ಟಾಕೀಸಿನ ಮಟ್ಟದಲ್ಲಿ ಪಟ್ಟಿ ಚಿಕ್ಕದು. ಪರದೆ ಸುತ್ತಲಿನ ಗೋಡೆ, ಸೀಲಿಂಗಿಗೆ ಹೊಳಪಿಲ್ಲದ ಕಪ್ಪು ಬಣ್ಣ. ಪರದೆಯ ನಾಲ್ಕೂ ಅಂಚಿಗೆ ಕಪ್ಪು ಬಟ್ಟೆ. ಬಾಗಿಲುಗಳಿಗೆ ಎರಡು ಪದರದ ಪರದೆ. ಎಕ್ಸಿಟ್ ದೀಪ ಆರಿಸೋ ಹಾಗಿಲ್ಲ, ಅದು ಜನರ ಪ್ರಾಣದ ವಿಷಯ. ಆದರೆ ಅದರ ಬೆಳಕು ಪರದೆ ಕಡೆ ಬೀಳದ ಹಾಗೆ ಮರೆ ಮಾಡಬಹುದು. ಕಿಂಡಿಯ ಗಾಜು, ಲೆನ್ಸ್ ಒರೆಸೋದು, ಲ್ಯಾಂಪ್ ಎಷ್ಟು ಗಂಟೆ ಓಡಿದೆ ಅಂತ ಪುಸ್ತಕದಲ್ಲಿ ಬರೆಯೋದು. ಇಷ್ಟಾದ ಮೇಲೆ ಹೊಸ ಲ್ಯಾಂಪಿನ ಮಾತು.

ಆಡಳಿತಕ್ಕೂ ಕೆಲಸ ಇದೆ. ಲೈಸೆನ್ಸ್ ನವೀಕರಣಕ್ಕೆ ಬಂದಾಗ ಬೆಂಕಿ ನಂದಿಸೋ ಸಾಧನ, ಬಾಗಿಲು, ಶೌಚಾಲಯ ನೋಡೋ ಹಾಗೆಯೇ ಮೀಟರ್ ಹಿಡಿದು ಪರದೆಯ ಬೆಳಕನ್ನೂ ಅಳೆದು, ಆ ಅಂಕಿಯನ್ನು ಗಲ್ಲಾದ ಪಕ್ಕ ತೂಗುಹಾಕಿಸಬಹುದು. ಕಿರಾಣಿ ಅಂಗಡಿಯ ತಕ್ಕಡಿಗೆ ವರ್ಷ ವರ್ಷ ಮುದ್ರೆ ಹಾಕಿಸ್ತಾರೆ. ದುಡ್ಡು ಕೊಟ್ಟು ನೋಡೋ ಬೆಳಕಿಗೆ ಮಾತ್ರ ಅಳತೆ ಬೇಡ ಅನ್ನೋದು ಯಾವ ನ್ಯಾಯ?

ಪ್ರೇಕ್ಷಕರ ಪಾಲೂ ಇದೆ. ಮಂಕು ಅನ್ನಿಸಿದರೆ ಗೊಣಗಿಕೊಂಡು ಮನೆಗೆ ಹೋಗದೆ ಇಂಟರ್ವಲ್‌ನಲ್ಲಿ ಮ್ಯಾನೇಜರ್‌ಗೆ ಹೇಳಬೇಕು. 'ಚೆನ್ನಾಗಿಲ್ಲ' ಅನ್ನೋ ಬದಲು, 'ಎಡಗಡೆ ಬಾಗಿಲಿಂದ ಬೆಳಕು ಪರದೆಗೆ ಬೀಳ್ತಿದೆ, ಗಾಜು ಒರೆಸಿ ಎಷ್ಟು ದಿನ ಆಯ್ತು ಸಾರ್' ಅಂತ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತೆ. ಹಾಗೇ ಆಟ ನಡೆಯೋವಾಗ ಮೊಬೈಲ್ ತೆಗೆದು ವಾಟ್ಸ್ಆ್ಯಪ್ ನೋಡೋದನ್ನೂ ಬಿಡಬೇಕು. ಹಾಲ್‌ನ ಕತ್ತಲು ಎಲ್ಲರಿಗೂ ಸೇರಿದ್ದು, ಅದನ್ನ ಕಾಪಾಡೋ ಕೆಲಸವೂ ಎಲ್ಲರದ್ದು.